ಅಂಗಳದಲ್ಲಿ ನಿಂತ ಕಾರಿನ ಟಯರಿಗೂ ವಯಸ್ಸಾಗುತ್ತದೆ

ನಿಮ್ಮ ಮನೆಯ ಅಂಗಳದಲ್ಲೂ ಒಂದು ಕಾರು ನಿಂತಿರಬಹುದು. ಮನೆಯವರು ಗಲ್ಫಿನಲ್ಲಿದ್ದಾರೆ. ಕಾರಿಗೆ ಕವರ್ ಹೊದಿಸಿಟ್ಟಿದ್ದೀರಿ. ವಾರಕ್ಕೊಮ್ಮೆ ಪಕ್ಕದ ಮನೆಯ ಹುಡುಗ ಬಂದು ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು, ಕೀ ಕೊಟ್ಟು ಹೋಗುತ್ತಾನೆ. ವರ್ಷಕ್ಕೊಮ್ಮೆ ರಜೆಯಲ್ಲಿ ಅವರು ಬಂದಾಗ ಮಾತ್ರ ಕಾರಿಗೆ ಬಿಡುವಿಲ್ಲ. ಮದುವೆ, ಮುಂಜಿ, ನೆಂಟರ ಮನೆ, ಮಕ್ಕಳ ಹಠಕ್ಕೆ ಮೈಸೂರು, ಊಟಿ. ಹನ್ನೊಂದು ತಿಂಗಳು ನಿದ್ದೆ, ಒಂದು ತಿಂಗಳು ಓಟ.

ನಮ್ಮದೂ ಅಂಥದೇ ಕಾರು. 2013ರಲ್ಲಿ ಕೊಂಡದ್ದು. ಹತ್ತು ವರ್ಷದಲ್ಲಿ ಓಡಿದ್ದು ಇಪ್ಪತ್ತೇಳು ಸಾವಿರ ಕಿಲೋಮೀಟರ್ ಮಾತ್ರ. ನೋಡಿದವರೆಲ್ಲ "ಹೊಸ ಕಾರಿನ ಹಾಗೆ ಇಟ್ಟಿದ್ದೀರಿ" ಎಂದು ಹೊಗಳುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆಯೇ.

2023ರ ಏಪ್ರಿಲ್ ಕೊನೆಯಲ್ಲಿ, ಈದ್ ಕಳೆದ ಮರುವಾರ, ಬೆಂಗಳೂರಿನಲ್ಲಿ ನಾದಿನಿಯ ಮಗಳ ಮದುವೆಯಿತ್ತು. ಹೊರಡುವ ಹಿಂದಿನ ದಿನ ಮನೆಯವರು ಕಾರನ್ನು ಊರಿನ ಒಂದು ಟಯರ್ ಅಂಗಡಿಗೆ ಒಯ್ದಿದ್ದರು. ಅಂಗಡಿಯವನು ಬೆರಳಿನಿಂದ ಗ್ರಿಪ್ ಮುಟ್ಟಿ ನೋಡಿ, "ಇದಕ್ಕೇನಾಗಿದೆ ಭಾಯಿ, ಸವೆದೇ ಇಲ್ಲ. ಇನ್ನೂ ಎರಡು ವರ್ಷ ಧಾರಾಳ ಓಡುತ್ತದೆ" ಎಂದನಂತೆ. ಗಾಳಿ ತುಂಬಿಸುವಾಗ ಜೊತೆಯಲ್ಲಿದ್ದ ಮಾವನವರು, "ಬೇಸಿಗೆ, ಬಿಸಿಗೆ ಗಾಳಿ ಉಬ್ಬುತ್ತದೆ. ನಾಲ್ಕು ಪಾಯಿಂಟ್ ಕಡಿಮೆಯೇ ಇರಲಿ" ಎಂದು ಹೇಳಿ ಹಾಗೆಯೇ ಮಾಡಿಸಿದರು. ಇಬ್ಬರೂ ನಮ್ಮ ಒಳ್ಳೆಯದಕ್ಕೇ ಹೇಳಿದ್ದರು. ಇಬ್ಬರ ಮಾತೂ ತಪ್ಪಾಗಿತ್ತು.

ಐದು ಮಂದಿಯ ಕಾರಿನಲ್ಲಿ ನಾವು ಏಳು ಮಂದಿ. ಅತ್ತೆ, ಮಾವ, ನಾವಿಬ್ಬರು, ಮೂರು ಮಕ್ಕಳು. ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್, ಎರಡು ಹಲಸಿನ ಹಣ್ಣು, ಒಂದು ಗೋಣಿ ತೆಂಗಿನಕಾಯಿ. ಪ್ರಯಾಣದ ದುಆ ಹೇಳಿಕೊಂಡು ಹೊರಟೆವು. ಶಿರಾಡಿ ಘಾಟಿಯನ್ನು ನಿಧಾನಕ್ಕೆ ಹತ್ತಿ, ಹಾಸನದಲ್ಲಿ ಊಟ ಮುಗಿಸಿ ಮತ್ತೆ ಹೊರಟಾಗ ಎರಡು ಗಂಟೆಯ ಉರಿಬಿಸಿಲು. ಮುಂದೆ ನೇರವಾದ ಚತುಷ್ಪಥ ರಸ್ತೆ. ಘಾಟಿಯಲ್ಲಿ ಕಳೆದ ಸಮಯವನ್ನು ಇಲ್ಲಿ ಹಿಡಿಯೋಣ ಎಂದು ವೇಗ ಏರಿತು. ಚನ್ನರಾಯಪಟ್ಟಣ ಇನ್ನೇನು ಬಂತು ಎನ್ನುವಾಗ ಬಾಂಬು ಬಿದ್ದಂಥ ಸದ್ದು. ಕಾರಿನ ಹಿಂಭಾಗ ಎಡಕ್ಕೆ ಎಳೆಯಿತು. ಅತ್ತೆ ಅಲ್ಲಾಹನನ್ನು ಕೂಗಿದ್ದು ಮಾತ್ರ ನನಗೆ ನೆನಪಿದೆ.

ಮನೆಯವರು ಬ್ರೇಕ್ ಒತ್ತಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕಾರು ತಾನಾಗಿ ನಿಧಾನವಾಗಲು ಬಿಟ್ಟರು. ಹಿಂದಿನಿಂದ ಲಾರಿ ಬರುತ್ತಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಒಂದು ಗಾಯವೂ ಆಗಲಿಲ್ಲ. ಇಳಿದು ನೋಡಿದರೆ ಹಿಂದಿನ ಎಡ ಟಯರು ಹರಿದ ಬಟ್ಟೆಯಂತೆ ನೇತಾಡುತ್ತಿತ್ತು.

ಸ್ಟೆಪ್ನಿ ಹಾಕಿಕೊಂಡು ಆಮೆ ವೇಗದಲ್ಲಿ ಚನ್ನರಾಯಪಟ್ಟಣದ ಒಂದು ಪಂಕ್ಚರ್ ಅಂಗಡಿ ಸೇರಿದೆವು. ಅಲ್ಲಿದ್ದ ವಯಸ್ಸಾದವರೊಬ್ಬರು ಹರಿದ ಟಯರನ್ನು ಮಗುಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನನ್ನನ್ನೇ ಕರೆದು ತೋರಿಸಿದರು. "ಇಲ್ನೋಡಿ ಅಮ್ಮಾ, 1813. ಈ ಟಯರಿಗೆ ಈ ನಿಮ್ಮ ಹುಡುಗಿಗಿಂತ ವಯಸ್ಸು ಜಾಸ್ತಿ." ನನ್ನ ಎರಡನೆಯ ಮಗಳು ಆಗ ಮೂರನೇ ತರಗತಿ ಮುಗಿಸಿದ್ದಳು. ಸ್ಟೆಪ್ನಿಯ ಮೇಲೂ ಅದೇ 1813. ಉಳಿದ ಮೂರರ ಮೇಲೂ ಅದೇ.

ಅಂದಿನಿಂದ ನಾನು ಟಯರಿನ ಬಗ್ಗೆ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. "ಇದು ಗಂಡಸರ ವಿಷಯ" ಎಂದು ಪುಟ ತಿರುವಬೇಡಿ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟು ಕೂರುವವರು ನಾವೇ. ಹನ್ನೊಂದು ತಿಂಗಳು ಆ ಕಾರನ್ನು ಕಾಯುವವರೂ ನಾವೇ.

ಓಡದಿದ್ದರೂ ಮುಪ್ಪು

ಟಯರನ್ನು ನಾವು ಚಪ್ಪಲಿಯಂತೆ ನೋಡುತ್ತೇವೆ. ನಡೆದರೆ ಸವೆಯುತ್ತದೆ, ನಡೆಯದಿದ್ದರೆ ಹಾಗೇ ಉಳಿಯುತ್ತದೆ ಎಂದು. ಆದರೆ ಬಹಳ ದಿನ ಪೆಟ್ಟಿಗೆಯಲ್ಲಿಟ್ಟ ರಬ್ಬರ್ ಬ್ಯಾಂಡನ್ನು ಎಳೆದು ನೋಡಿ. ಪಟ್ಟನೆ ತುಂಡಾಗುತ್ತದೆ. ಟಯರಿನ ರಬ್ಬರಿಗೂ ಇದೇ ಗತಿ.

ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿಲು, ಶಾಖ ಇವೆಲ್ಲ ಸೇರಿ ರಬ್ಬರನ್ನು ಗಡುಸು ಮಾಡುತ್ತವೆ. ಇದನ್ನು ತಡೆಯಲೆಂದೇ ಟಯರಿನೊಳಗೆ ಕೆಲವು ರಾಸಾಯನಿಕಗಳನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಕಾರು ಓಡುವಾಗ ಟಯರು ಬಾಗಿ ಬಳುಕಿ ಇವು ಮೇಲ್ಮೈಗೆ ಬಂದು ಕಾಪಾಡುತ್ತವೆ. ನಿಂತ ಕಾರಿನಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಕಾರಿನ ಟಯರಿನಲ್ಲಿ ರಬ್ಬರಿನ ಕೆಳಗೆ ನೂಲಿನ ಪದರವೂ ಅದರ ಮೇಲೆ ಉಕ್ಕಿನ ತಂತಿಯ ಪಟ್ಟಿಗಳೂ ಇರುತ್ತವೆ. ಬಿರುಕಿನಿಂದ ತೇವ ಒಳಹೊಕ್ಕರೆ ತಂತಿಗೆ ತುಕ್ಕು. ಪದರಗಳ ನಡುವಿನ ಬೆಸುಗೆ ಸಡಿಲ. ಹೊರಗೆ ಗ್ರಿಪ್ ಹೊಸದರಂತೆಯೇ ಕಾಣುತ್ತದೆ, ಒಳಗೆ ಟಯರು ಸೋತಿರುತ್ತದೆ.

ಅಮೆರಿಕದಲ್ಲಿ ಕಾರಿನ ಹಿಂದೆ ಪುಟ್ಟ ಮನೆಯಂಥ ಟ್ರೈಲರ್ ಕಟ್ಟಿಕೊಂಡು ರಜೆಗೆ ಹೋಗುವ ಕುಟುಂಬಗಳಿವೆ. ಅವರಿಗೂ ಇದೇ ತಲೆನೋವು. ವರ್ಷದ ಬಹುಕಾಲ ಟ್ರೈಲರು ಹಿತ್ತಲಿನಲ್ಲಿ ನಿಂತಿರುತ್ತದೆ. ರಜೆ ಬಂದೊಡನೆ ಪಾತ್ರೆ ಪಗಡೆ, ಹಾಸಿಗೆ, ನೀರು ಎಲ್ಲ ತುಂಬಿ ಬೇಸಿಗೆಯ ಹೆದ್ದಾರಿಗಿಳಿಯುತ್ತದೆ. ಅಲ್ಲಿ ಟ್ರೈಲರಿನ ಟಯರು ಸವೆದು ಹೋಗುವುದಕ್ಕಿಂತ ಮೊದಲೇ ಮುಪ್ಪಾಗಿ ಹೋಗುತ್ತದೆ. ನಮ್ಮ ಗಲ್ಫ್ ಮನೆಗಳ ಕಾರಿಗೂ ಆ ಟ್ರೈಲರಿಗೂ ಏನು ವ್ಯತ್ಯಾಸ ಹೇಳಿ?

ನಾಲ್ಕು ಅಂಕೆಯ ಜಾತಕ

ಟಯರಿನ ಹುಟ್ಟಿದ ದಿನ ಅದರ ಮೈಮೇಲೆಯೇ ಇರುತ್ತದೆ. ಪಕ್ಕದ ಗೋಡೆಯಲ್ಲಿ 'ಡಿಒಟಿ' ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇದೆ. ಅದರ ಕೊನೆಯ ನಾಲ್ಕು ಅಂಕೆಗಳನ್ನು ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 1813 ಎಂದರೆ 2013ರ 18ನೇ ವಾರ, ಅಂದರೆ ಮೇ ತಿಂಗಳ ಆರಂಭ. ಕೆಲವೊಮ್ಮೆ ಈ ಅಂಕೆ ಟಯರಿನ ಒಂದೇ ಬದಿಯಲ್ಲಿರುತ್ತದೆ. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿದೆ ಎಂದು ತಿಳಿಯಿರಿ. ಬಗ್ಗಲಾಗದಿದ್ದರೆ ಮೊಬೈಲನ್ನು ಕೆಳಗಿಟ್ಟು ಫೋಟೊ ತೆಗೆದರಾಯಿತು.

ಎಷ್ಟು ವರ್ಷಕ್ಕೆ ಬದಲಿಸಬೇಕು? ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷದ ಮೇಲೆ ಇಟ್ಟುಕೊಳ್ಳಬಾರದು ಎಂದು ಮಿಷೆಲಿನ್‌ನಂಥ ಟಯರ್ ಕಂಪೆನಿಗಳು ಹೇಳುತ್ತವೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪೆನಿಗಳೂ ಹಲವು. ನಮ್ಮ ಬಿಸಿಲಿಗೆ, ಕರಾವಳಿಯ ತೇವಕ್ಕೆ ಆರು ವರ್ಷದ ಲೆಕ್ಕವೇ ಕ್ಷೇಮ ಎಂಬುದು ನನ್ನ ಅನಿಸಿಕೆ.

ಒಂದು ಸೋಜಿಗ ಕೇಳಿ. ಯುಎಇಯಲ್ಲಿ ಐದು ವರ್ಷ ದಾಟಿದ ಟಯರಿಗೆ ಅವಕಾಶವಿಲ್ಲ. ಅಲ್ಲಿ 2017ರಲ್ಲಿ ತಂದ ನಿಯಮಗಳಲ್ಲಿ ಯೋಗ್ಯವಲ್ಲದ ಟಯರಿನ ವಾಹನ ಓಡಿಸಿದವರಿಗೆ 500 ದಿರ್ಹಂ ದಂಡ, ನಾಲ್ಕು ಕಪ್ಪು ಅಂಕ, ಒಂದು ವಾರ ವಾಹನ ಜಪ್ತಿ ಎಂದು ಗೊತ್ತುಮಾಡಲಾಗಿತ್ತು. ನನ್ನ ಮನೆಯವರಿಗೆ ಇದೆಲ್ಲ ಚೆನ್ನಾಗಿಯೇ ಗೊತ್ತು. ಅಲ್ಲಿ ಕಂಪೆನಿಯ ಗಾಡಿಯ ಟಯರಿನ ವರ್ಷ ನೋಡುವ ಅವರೇ ಊರಿನಲ್ಲಿ ಹೆಂಡತಿ ಮಕ್ಕಳು ಕೂರುವ ಕಾರಿನದ್ದನ್ನು ನೋಡಿರಲಿಲ್ಲ!

ಗಾಳಿ ಕಡಿಮೆಯಾದರೇ ಅಪಾಯ

ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕೆಂಬ ನಂಬಿಕೆ ನಮ್ಮಲ್ಲಿ ತುಂಬ ಹಳೆಯದು. ನಿಜ ಇದಕ್ಕೆ ವಿರುದ್ಧ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿನಲ್ಲೂ ಟಯರಿನ ಪಕ್ಕದ ಗೋಡೆ ಹೆಚ್ಚು ಮಡಚಿಕೊಳ್ಳುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಅದು ಬಿಸಿಯಾಗಿ ಮುರಿಯುವುದಿಲ್ಲವೇ? ಹಾಗೆಯೇ ಟಯರೂ ಒಳಗಿನಿಂದ ಕಾಯುತ್ತದೆ. ಮೇಲಿನಿಂದ ಭಾರ, ಕೆಳಗಿನಿಂದ ಕಾದ ರಸ್ತೆ, ಜೊತೆಗೆ ವೇಗ. ಪದರಗಳು ಬಿಟ್ಟುಕೊಂಡ ಕ್ಷಣ ಟಯರು ಸಿಡಿಯುತ್ತದೆ.

ಇದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆಯಿದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪೆನಿ ಅಮೆರಿಕದಲ್ಲಿ 65 ಲಕ್ಷ ಟಯರುಗಳನ್ನು ವಾಪಸು ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಕುಟುಂಬದ ಗಾಡಿಯಲ್ಲಿದ್ದವು. ವೇಗವಾಗಿ ಹೋಗುತ್ತಿರುವಾಗ ಟಯರಿನ ಮೇಲ್ಪದರ ಕಿತ್ತುಬಂದು ಗಾಡಿ ಪಲ್ಟಿಯಾಗುತ್ತಿತ್ತು. 271 ಸಾವುಗಳಿಗೆ ಈ ಟಯರುಗಳ ಸಂಬಂಧವಿದೆ ಎಂದು ಅಲ್ಲಿನ ಸರಕಾರಿ ಸಂಸ್ಥೆ ಲೆಕ್ಕ ಹಾಕಿತು. ತಯಾರಿಕೆಯ ದೋಷದ ಜೊತೆಗೆ ಬಿಸಿ ಪ್ರದೇಶ, ಭಾರ, ವೇಗ ಮತ್ತು ಕಡಿಮೆ ಗಾಳಿ ಇವೂ ಚರ್ಚೆಗೆ ಬಂದವು. ಆ ಗಾಡಿಗೆ ಫೋರ್ಡ್ ಹೇಳಿದ್ದ ಗಾಳಿಯ ಪ್ರಮಾಣ 26 ಪಾಯಿಂಟ್ ಮಾತ್ರ. ಅಮೆರಿಕಕ್ಕಿಂತ ಒಂದು ವರ್ಷ ಮೊದಲೇ, 1999ರಲ್ಲಿ, ಸೌದಿ ಅರೇಬಿಯದಲ್ಲಿ ಈ ಟಯರುಗಳನ್ನು ಬದಲಿಸಿಕೊಡಲು ಫೋರ್ಡ್ ಶುರುಮಾಡಿತ್ತು. ಮರಳುಗಾಡಿನ ಬಿಸಿ ಮೊದಲು ಮಾತಾಡಿತ್ತು. ಇಂದು ಎಷ್ಟೋ ಕಾರುಗಳಲ್ಲಿ ಟಯರಿನ ಗಾಳಿ ಇಳಿದರೆ ದೀಪ ಹೊತ್ತಿಕೊಳ್ಳುತ್ತದಲ್ಲ, ಆ ವ್ಯವಸ್ಥೆಯನ್ನು ಅಮೆರಿಕದಲ್ಲಿ ಕಡ್ಡಾಯ ಮಾಡಿದ ಕಾನೂನು ಹುಟ್ಟಿದ್ದು ಈ ದುರಂತದಿಂದಲೇ.

ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕು? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಎರಡು ಲೆಕ್ಕಗಳಿರುತ್ತವೆ: ಇಬ್ಬರು ಮೂವರು ಇರುವಾಗ ಒಂದು, ಜನ ಸಾಮಾನು ತುಂಬಿರುವಾಗ ಇನ್ನೊಂದು. ಟಯರಿನ ಮೈಮೇಲೆ ಬರೆದಿರುವುದು ಅದು ತಾಳಬಹುದಾದ ಗರಿಷ್ಠ ಪ್ರಮಾಣ, ಅದನ್ನು ತುಂಬಿಸಬಾರದು. ಬೆಳಿಗ್ಗೆ ಕಾರು ಓಡುವ ಮೊದಲು, ಟಯರು ತಣ್ಣಗಿರುವಾಗ ಅಳೆಯಬೇಕು. ಓಡಿದ ಮೇಲೆ ಬಿಸಿಗೆ ಎರಡು ಮೂರು ಪಾಯಿಂಟ್ ಏರುವುದು ಸಹಜ. ಟಯರು ಅದಕ್ಕೆ ತಕ್ಕಂತೆಯೇ ತಯಾರಾಗಿರುತ್ತದೆ. ಆಗ ಗಾಳಿ ಬಿಡಬೇಡಿ.

ಪಂಕ್ಚರ್ ಇಲ್ಲದಿದ್ದರೂ ಟಯರಿನಿಂದ ತಿಂಗಳಿಗೆ ಒಂದೆರಡು ಪಾಯಿಂಟ್ ಗಾಳಿ ತಾನಾಗಿ ಸೋರುತ್ತದೆ. ಹನ್ನೊಂದು ತಿಂಗಳಿಗೆ ಎಷ್ಟಾಯಿತು ಲೆಕ್ಕ ಹಾಕಿ. ರೇಡಿಯಲ್ ಟಯರು ಯಾವಾಗಲೂ ಸ್ವಲ್ಪ ಉಬ್ಬಿದಂತೆಯೇ ಕಾಣುವುದರಿಂದ ಕಣ್ಣಿಗೆ ಇದು ಗೊತ್ತಾಗುವುದಿಲ್ಲ.

ಹೊಸ ಟಯರು ಕೊಳ್ಳುವಾಗ

ಮದುವೆ ಮುಗಿಸಿ ಬಂದ ಮೇಲೆ ಐದೂ ಟಯರು ಬದಲಿಸಲು ನಿರ್ಧರಿಸಿದೆವು. ಈ ಸಲ ನಾನೂ ಅಂಗಡಿಗೆ ಹೋದೆ. ಅಂಗಡಿಯವನು ಕಾಗದ ಸುತ್ತಿದ, ಫಳಫಳ ಹೊಳೆಯುವ ಟಯರುಗಳನ್ನು ಉರುಳಿಸಿ ತಂದ. ನಾನು ಬಗ್ಗಿ ಅಂಕೆ ನೋಡಿದೆ. 3120. ಅಂದರೆ 2020ರ ಜುಲೈ ಕೊನೆ; ಸುಮಾರು ಮೂರು ವರ್ಷ ಗೋದಾಮಿನಲ್ಲಿ ಮಲಗಿದ್ದ ಮಾಲು. "ಇದು ಬೇಡ, ಈ ವರ್ಷದ್ದು ಕೊಡಿ" ಎಂದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಮನೆಯವರನ್ನು ನೋಡಿದ. ಮಾತಾಡದೆ ಒಳಗೆ ಹೋಗಿ ಬೇರೆ ತಂದ. ಮನೆಯವರು ನಕ್ಕರು. ಆ ನಗುವಿನಲ್ಲಿ ಮೆಚ್ಚುಗೆಯಿತ್ತು.

ನೀವು ಕೊಳ್ಳುವಾಗ ಮೊದಲು ಅಳತೆ ನೋಡಿ. ಉದಾಹರಣೆಗೆ 165/80 ಆರ್14 85ಟಿ ಎಂದು ಬರೆದಿದೆ ಎನ್ನಿ. 165 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 80ರಷ್ಟು. ಆರ್ ಎಂದರೆ ರೇಡಿಯಲ್, 14 ಎಂದರೆ ಡಿಸ್ಕಿನ ಅಳತೆ ಇಂಚಿನಲ್ಲಿ. ಇಷ್ಟನ್ನು ಅಂಗಡಿಯವರು ತಾವೇ ನೋಡುತ್ತಾರೆ. ನಾವು ಗಮನಿಸಬೇಕಾದದ್ದು ಕೊನೆಯ 85ಟಿ. 85 ಎಂಬುದು ಭಾರದ ಸಂಕೇತ: ಒಂದು ಟಯರು 515 ಕಿಲೋ ಹೊರಬಲ್ಲದು. ಟಿ ಎಂಬುದು ವೇಗದ ಸಂಕೇತ: ಗಂಟೆಗೆ 190 ಕಿಲೋಮೀಟರಿನವರೆಗೆ. ಅಗ್ಗಕ್ಕೆ ಸಿಕ್ಕಿತೆಂದು 81ರ ಸಂಕೇತದ ಟಯರು ಹಾಕಿಸಿದರೆ ಅದು ಹೊರುವುದು 462 ಕಿಲೋ ಮಾತ್ರ. ನಾಲ್ಕು ಟಯರಿಗೆ 212 ಕಿಲೋ ಕಡಿಮೆ. ಮೂವರು ದೊಡ್ಡವರ ತೂಕ! ಕಂಪೆನಿ ಹೇಳಿದ್ದಕ್ಕಿಂತ ಕಡಿಮೆ ಭಾರದ ಸಂಕೇತ ಎಂದಿಗೂ ಬೇಡ.

ಟಯರಿನ ಮೇಲೆ ಐಎಸ್ಐ ಗುರುತು ಇದೆಯೇ ನೋಡಿ. ಕೇಂದ್ರ ಸರಕಾರದ 2009ರ ಆದೇಶದ ಮೂಲಕ ವಾಹನದ ಟಯರುಗಳಿಗೆ ಈ ಗುರುತು ಕಡ್ಡಾಯವಾಗಿದೆ. ಸೆಕೆಂಡ್‌ಹ್ಯಾಂಡ್ ಟಯರಿನ ಆಸೆ ಬೇಡ. ಸವೆದ ಟಯರಿಗೆ ಬಿಸಿ ಬ್ಲೇಡಿನಿಂದ ಗೆರೆ ಕೊರೆದು, ಕಪ್ಪು ಬಣ್ಣ ಹಚ್ಚಿ ಮಾರುವವರಿದ್ದಾರೆ. ಅದು ಯಾವ ಗುಂಡಿಗೆ ಬಿದ್ದಿತ್ತು, ಎಷ್ಟು ದಿನ ಗಾಳಿಯಿಲ್ಲದೆ ಓಡಿತ್ತು ಎಂಬುದನ್ನು ಯಾರು ಬಲ್ಲರು?

ನಾಲ್ಕಕ್ಕೂ ದುಡ್ಡು ಹೊಂದದಿದ್ದರೆ ಎರಡು ಹಾಕಿಸಿ. ಆದರೆ ಹೊಸ ಎರಡು ಹಿಂದಿನ ಚಕ್ರಕ್ಕೆ ಹೋಗಲಿ. ಎಂಜಿನ್ ಮುಂದಿದೆ, ಸ್ಟಿಯರಿಂಗ್ ಮುಂದಿದೆ, ಹೊಸದು ಮುಂದೆಯೇ ಇರಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಮಳೆಯಲ್ಲಿ ಮುಂದಿನ ಟಯರು ಜಾರಿದರೆ ಕಾರು ನೇರ ಹೋಗುತ್ತದೆ; ಕಾಲು ತೆಗೆದು ನಿಧಾನಿಸಿದರೆ ಹತೋಟಿಗೆ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಅದನ್ನು ಸಂಭಾಳಿಸುವುದು ನುರಿತವರಿಗೂ ಕಷ್ಟ.

ಟ್ಯೂಬ್‌ಲೆಸ್ ಟಯರು ಹಾಕಿಸುವಾಗ ಗಾಳಿ ತುಂಬುವ ರಬ್ಬರ್ ವಾಲ್ವನ್ನೂ ಹೊಸದು ಹಾಕಿಸಿ. ಅದೂ ಟಯರಿನಷ್ಟೇ ಮುದಿ. ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಬಿಡಬೇಡಿ. ನೈಟ್ರೋಜನ್‌ಗೆ ದುಡ್ಡು ಕೊಡಲೇಬೇಕೆಂದೇನಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಬಿಲ್ಲಿನಲ್ಲಿ ಟಯರಿನ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.

ಹೆಚ್ಚು ಓಡುವ ಕಾರಾದರೆ ವಯಸ್ಸಿಗಿಂತ ಮೊದಲು ಸವೆತ ಬರುತ್ತದೆ. ಗ್ರಿಪ್ಪಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಂಡುಗಳಿರುತ್ತವೆ. ಗ್ರಿಪ್ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್. ಕಾನೂನಿನ ಪ್ರಕಾರವೂ ಅಲ್ಲಿಗೆ ಟಯರಿನ ಆಯುಷ್ಯ ಮುಗಿಯಿತು. ನಮ್ಮ ಮಳೆಗಾಲದಲ್ಲಿ ಅಷ್ಟರವರೆಗೆ ಕಾಯದಿರುವುದೇ ಜಾಣತನ.

ಮನೆಯಲ್ಲಿ ನಾವು ಮಾಡಬಹುದಾದದ್ದು

ನಾನೀಗ ಗಾಳಿ ಅಳೆಯುವ ಒಂದು ಗೇಜು ಇಟ್ಟುಕೊಂಡಿದ್ದೇನೆ. ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ಗಾಳಿ ತುಂಬುವ ಸಣ್ಣ ಪಂಪೂ ಇದೆ. ಪ್ರತಿ ತಿಂಗಳ ಮೊದಲ ಭಾನುವಾರ ನಾನೂ ದೊಡ್ಡ ಮಗನೂ ಸ್ಟೆಪ್ನಿ ಸೇರಿ ಐದೂ ಟಯರು ನೋಡುತ್ತೇವೆ. ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಡುವುದನ್ನು ನಿಲ್ಲಿಸಿದ್ದೇವೆ. ವಾರಕ್ಕೊಮ್ಮೆ ನಾಲ್ಕೈದು ಕಿಲೋಮೀಟರ್ ಓಡಿಸಿಕೊಂಡು ಬರುತ್ತೇವೆ. ಓಡಿಸುವವಳು ನಾನೇ. ಮೂರು ತಿಂಗಳ ಹಿಂದೆ ಲೈಸೆನ್ಸ್ ಸಿಕ್ಕಿತು.

ಭಾರದ ವಿಷಯದಲ್ಲಿ ಅತ್ತೆಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. "ತವರಿಗೆ ತೆಂಗಿನಕಾಯಿ ಇಲ್ಲದೆ ಹೇಗೆ ಹೋಗುವುದು?" ಎನ್ನುತ್ತಿದ್ದರು. ಈಗ ಗೋಣಿಚೀಲ ಬಸ್ಸಿನ ಪಾರ್ಸೆಲ್‌ನಲ್ಲಿ ಹೋಗುತ್ತದೆ. ಐದು ಸೀಟಿಗೆ ಐದೇ ಮಂದಿ, ಉಳಿದವರಿಗೆ ರೈಲು. ಮಾವನವರು ಹೊರಡುವ ಮುನ್ನ ತಾವೇ ಬಂದು, "ಗಾಳಿ ಸ್ಟಿಕ್ಕರಿನಲ್ಲಿ ಇದ್ದಷ್ಟು ಇದೆಯಾ ಮಗಳೇ?" ಎಂದು ಕೇಳುತ್ತಾರೆ.

ನಿಮ್ಮಲ್ಲಿ ಕಾರು ಓಡಿಸುವವರು ಇದನ್ನು ನೆನಪಿಡಿ. ಟಯರು ಸಿಡಿದರೆ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೇರ ಹೋಗಿ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಿರಿ. ವೇಗ ಚೆನ್ನಾಗಿ ಇಳಿದ ಮೇಲೆ ಎಡಕ್ಕೆ ಸರಿದು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳನ್ನು ರಸ್ತೆಯಿಂದ ದೂರದ ಬದಿಗೆ ಇಳಿಸಿ. ಮತ್ತೊಂದು ಮಾತು, ಹಿಂದಿನ ಸೀಟಿನಲ್ಲೂ ಬೆಲ್ಟ್ ಇರಲಿ. ಅಂದು ನಮ್ಮ ಕಾರಿನಲ್ಲಿ ಹಿಂದೆ ಕುಳಿತ ಯಾರೂ ಬೆಲ್ಟ್ ಹಾಕಿರಲಿಲ್ಲ. ಕಾರು ಮಗುಚಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ.

ಆ ಮದುವೆಗೆಂದು ನಾವು ಕೊಂಡ ಬಟ್ಟೆಬರೆಯ ಬಿಲ್ಲುಗಳನ್ನು ಆಮೇಲೆ ಒಮ್ಮೆ ಕೂಡಿಸಿ ನೋಡಿದೆ. ಐದು ಟಯರಿನ ಬಿಲ್ಲಿಗಿಂತ ಹೆಚ್ಚಿತ್ತು. ಆ ಬಟ್ಟೆ ತೊಟ್ಟು ಮದುವೆ ಮನೆಗೆ ಏಳೂ ಮಂದಿ ಸುರಕ್ಷಿತವಾಗಿ ತಲಪಿದ್ದು ಅಲ್ಲಾಹನ ಕೃಪೆ. ಆದರೆ ಪ್ರತಿಸಲವೂ ಹಿಂದಿನಿಂದ ಲಾರಿ ಬರದೇ ಇರುವುದಿಲ್ಲ.

ಇವತ್ತೇ, ಈ ಪುಟ ಮಡಚಿಟ್ಟು ಅಂಗಳಕ್ಕೆ ಹೋಗಿ. ಕವರ್ ಸರಿಸಿ, ಒಂದು ಒದ್ದೆ ಬಟ್ಟೆಯಿಂದ ಟಯರಿನ ಪಕ್ಕ ಒರೆಸಿ. ಆ ನಾಲ್ಕು ಅಂಕೆಗಳನ್ನು ಓದಿ, ಫೋಟೊ ತೆಗೆದು ಮನೆಯವರಿಗೆ ಕಳುಹಿಸಿ. ಈ ಸಲ ಅವರು ರಜೆಗೆ ಬಂದಾಗ ಮೊದಲ ಕೆಲಸ ಅದಾಗಲಿ.